‘ಹೆಸರಿಲ್ಲ’ ಎನ್ನುವ ಯಂತ್ರವನ್ನು ಕೇಳುವ ಬಗೆ

ಕಛೇರಿಯ ಕಿಂಡಿಯಲ್ಲಿ ಹೆಸರು ಹೇಳಿ, ಬಹಳ ಹೊತ್ತು ಕಾದು, ಕೊನೆಗೆ ‘ಕಂಪ್ಯೂಟರಿನಲ್ಲಿ ಈ ಹೆಸರೇ ಇಲ್ಲ’ ಎಂಬ ಉತ್ತರ ಪಡೆದು ಮರಳುವುದು ನಮ್ಮ ಗಡಿನಾಡಿನ ಕನ್ನಡ ಮನೆಗಳಿಗೆ ಹೊಸತಲ್ಲ. ಅಜ್ಜನ ಕಾಲದ ಕಾಗದಪತ್ರ ಕನ್ನಡದಲ್ಲಿ, 1956ರ ಬಳಿಕದ ದಾಖಲೆ ಹೆಚ್ಚಾಗಿ ಮಲಯಾಳದಲ್ಲಿ, ಮಕ್ಕಳ ಸರ್ಟಿಫಿಕೇಟು ಇಂಗ್ಲಿಷಿನಲ್ಲಿ. ಒಂದೇ ಹೆಸರು ಮೂರು ವೇಷ ತೊಟ್ಟು ನಿಂತಿರುವಾಗ, ಯಂತ್ರ ಹುಡುಕುವ ಬಗೆಯನ್ನು ನಾವು ಕೊಂಚ ತಿಳಿದುಕೊಳ್ಳಲೇಬೇಕು.

ದಾಖಲೆಗಳನ್ನು ಸಾಲು, ಕಲಮುಗಳುಳ್ಳ ಕೋಷ್ಟಕಗಳಾಗಿ ಇಡುವ ಪದ್ಧತಿಯನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರತಿಪಾದಿಸಿದರು. ಅಂಥ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಪ್ರಕಟಿಸಿದರು, ಇಂದಿನ ಎಸ್.ಕ್ಯೂ.ಎಲ್. ಅದರಿಂದಲೇ ಬೆಳೆದುದು. ಏನು ಬೇಕೆಂದು ಹೇಳಿದರೆ ಸಾಕು, ಹೇಗೆ ಹುಡುಕಬೇಕೆಂಬುದನ್ನು ಯಂತ್ರವೇ ನಿಶ್ಚಯಿಸುತ್ತದೆ. ಅನುಕೂಲವೂ ಅಲ್ಲೇ, ಅನರ್ಥವೂ ಅಲ್ಲೇ.

ತಡವಾಗುವುದೇಕೆ? ಕಿಟ್ಟೆಲರ ನಿಘಂಟನ್ನು (ಮಂಗಳೂರು, 1894) ನೆನೆಯೋಣ. ಪದದ ಮೊದಲಕ್ಷರ ತಿಳಿದಿದ್ದರೆ ಹುಡುಕುವುದು ಕ್ಷಣದ ಕೆಲಸ. ‘ಗಾರ’ ಎಂದು ಕೊನೆಗೊಳ್ಳುವ ಪದಗಳನ್ನೆಲ್ಲ ಆರಿಸೆಂದರೆ ಇಡೀ ಗ್ರಂಥವನ್ನೇ ಮಗುಚಬೇಕು. ಯಂತ್ರದೊಳಗೂ ಹೀಗೆಯೇ ಅಕಾರಾದಿ ಸೂಚಿ ಇರುತ್ತದೆ. ಅದರ ಒಂದೊಂದು ಪುಟ ನೂರು ಕವಲೊಡೆದರೆ ಮೂರೇ ಹೆಜ್ಜೆಯಲ್ಲಿ ಹತ್ತು ಲಕ್ಷ ಹೆಸರುಗಳ ನಡುವೆ ಒಂದನ್ನು ಮುಟ್ಟಬಹುದು. ಆದರೆ ‘ಭಟ್’ ಎಂಬುದರ ಹಿಂದೆ ಶೇಕಡಾ ಚಿಹ್ನೆ ಹಾಕಿ, ‘ಮೊದಲು ಏನಿದ್ದರೂ ಸರಿ, ಕೊನೆಗೆ ಭಟ್ ಇರಲಿ’ ಎಂದು ಕೇಳಿದರೆ ಈ ಸೂಚಿ ನಿರುಪಯೋಗಿ; ಯಂತ್ರ ಹತ್ತು ಲಕ್ಷ ಸಾಲನ್ನೂ ಓದುತ್ತದೆ. ಇನಿಶಿಯಲ್ ಮೊದಲೋ ಕೊನೆಗೋ ಎಂಬ ಒಮ್ಮತವಿಲ್ಲದ ನಮ್ಮ ಹೆಸರುಗಳಿಗೆ ಈ ಪಾಡು ತಪ್ಪಿದ್ದಲ್ಲ.

ಯಂತ್ರ ಯಾವ ದಾರಿ ಹಿಡಿಯಿತೆಂದು ಅದನ್ನೇ ಕೇಳಬಹುದು. ಪ್ರಶ್ನೆಯ ಮುಂದೆ ‘ಎಕ್ಸ್‌ಪ್ಲೇನ್’ ಎಂಬ ಪದ ಸೇರಿಸಿದರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮೊದಲಾದವು ತಮ್ಮ ಯೋಜನೆಯನ್ನು ತೋರಿಸುತ್ತವೆ. ದೊಡ್ಡ ಕೋಷ್ಟಕದಿಂದ ಒಂದೇ ಹೆಸರನ್ನು ತೆಗೆಯಲು ಇಡೀ ಕೋಷ್ಟಕ ಓದುತ್ತಿದ್ದರೆ ಅಲ್ಲಿಯೇ ರೋಗ. ಇದನ್ನು ನೋಡದೆ ಹೊಸ ಯಂತ್ರ ಖರೀದಿಸುವುದು ಹಣದ ಪೋಲು ಎಂದೇ ನಮ್ಮ ಅಭಿಪ್ರಾಯ.

ತಡವಾದ ಉತ್ತರಕ್ಕಿಂತ ಕೆಟ್ಟದ್ದು ಬೇಗ ಬರುವ ತಪ್ಪು ಉತ್ತರ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕದ ಮಕ್ಕಳ ಪಟ್ಟಿ ಬೇಕು. ‘ಅರ್ಜಿಗಳಲ್ಲಿ ಯಾರ ಸಂಖ್ಯೆ ಇಲ್ಲವೋ ಅವರನ್ನು ತೋರಿಸು’ ಎಂದು, ‘ನಾಟ್ ಇನ್’ ಬಳಸಿ ಕೇಳಿದೆವೆನ್ನಿ. ಅರ್ಜಿಗಳ ಪೈಕಿ ಒಂದರಲ್ಲಿ ಸಂಖ್ಯೆಯ ಜಾಗ ಖಾಲಿ ಬಿದ್ದಿದೆ. ಎಸ್.ಕ್ಯೂ.ಎಲ್. ಆ ಖಾಲಿಯನ್ನು ‘ನಲ್’, ಅಂದರೆ ‘ಗೊತ್ತಿಲ್ಲ’ ಎಂದು ಬಗೆಯುತ್ತದೆ. ಐದನೆಯ ಸಂಖ್ಯೆಯ ಮಗು ಪಟ್ಟಿಯಲ್ಲಿಲ್ಲವೇ? ಆ ಖಾಲಿ ಜಾಗದ್ದು ಐದೇ ಆಗಿರಬಹುದು; ಗೊತ್ತಿಲ್ಲ. ಆರನೆಯದು? ಗೊತ್ತಿಲ್ಲ. ‘ಗೊತ್ತಿಲ್ಲ’ ಎಂಬುದು ‘ಹೌದು’ ಅಲ್ಲವಾದುದರಿಂದ ಯಂತ್ರ ಎಲ್ಲರನ್ನೂ ಕೈಬಿಟ್ಟು ಖಾಲಿ ಹಾಳೆ ಕೊಡುತ್ತದೆ. ಬಿಟ್ಟುಹೋದ ಮಕ್ಕಳೇ ಇಲ್ಲವೆಂದು ಕಡತ ಮುಚ್ಚಿದರೆ ನಷ್ಟ ಯಾರಿಗೆ? ‘ನಾಟ್ ಎಕ್ಸಿಸ್ಟ್ಸ್’ ಎಂಬ ರೂಪದಲ್ಲಿ ಕೇಳಿದರೆ ಈ ಅನಾಹುತವಿಲ್ಲ.

ಇನ್ನು ಅಕ್ಷರಗಳ ವಿಚಾರ. ಕಣ್ಣಿಗೆ ಒಂದೇ ಆಗಿ ಕಾಣುವ ‘ಗೋಪಾಲ’ ಯಂತ್ರಕ್ಕೆ ಎರಡಾಗಿರಬಹುದು. ಓತ್ವದ ದೀರ್ಘಕ್ಕೆ ಯೂನಿಕೋಡಿನಲ್ಲಿ ಒಂದೇ ಸಂಕೇತವೂ ಉಂಟು. ಒತ್ವ ಹಾಗೂ ದೀರ್ಘದ ಚಿಹ್ನೆಯನ್ನು ಬೇರೆಬೇರೆಯಾಗಿ ಜೋಡಿಸುವ ಕ್ರಮವೂ ಉಂಟು. ಮಲಯಾಳದಲ್ಲಿ ಸಮಸ್ಯೆ ಇನ್ನೂ ಆಳ. ‘ಕುಮಾರ್’, ‘ಕುಲಾಲ್’ ಎಂಬವುಗಳ ಕೊನೆಗೆ ಬರುವ ಚಿಲ್ಲಕ್ಷರಗಳಿಗೆ 2008ರಲ್ಲಿ, ಯೂನಿಕೋಡ್ 5.1ರಲ್ಲಿ, ಸ್ವತಂತ್ರ ಸಂಕೇತ ದೊರೆಯಿತು. ಅದಕ್ಕೂ ಮೊದಲು ಅವನ್ನು ಕಾಣದ ಜೋಡಣೆಯ ಚಿಹ್ನೆಯೊಂದರ ಸಹಾಯದಿಂದ ಬರೆಯುತ್ತಿದ್ದರು. ಹಳೆಯ ಕ್ರಮದಲ್ಲಿ ದಾಖಲಾದ ಕುಲಾಲರನ್ನು ಹೊಸ ಕೀಲಿಮಣೆಯಿಂದ ಹುಡುಕಿದರೆ ಯಂತ್ರ ‘ಇಲ್ಲ’ ಎನ್ನಬಹುದು. ಕನ್ನಡದ ಓತ್ವದ ಭೇದವನ್ನು ಏಕರೂಪಕ್ಕೆ ತರುವ ‘ನಾರ್ಮಲೈಸ್’ ಸೌಲಭ್ಯ ಪೋಸ್ಟ್‌ಗ್ರೆಸ್‌ನ 13ನೆಯ ಆವೃತ್ತಿಯಿಂದ (2020) ಇದೆ. ಚಿಲ್ಲಕ್ಷರದ ಎರಡು ಕ್ರಮಗಳನ್ನು ಅದು ಒಂದಾಗಿಸದು. ಅವನ್ನು ಬೇರೆಯಾಗಿಯೇ ತಿದ್ದಬೇಕು. ‘ಲಕ್ಷ್ಮಿ’ಯನ್ನು ಇಂಗ್ಲಿಷಿನಲ್ಲಿ ಒಬ್ಬರು ‘ಎಕ್ಸ್’ ಹಾಕಿ, ಇನ್ನೊಬ್ಬರು ‘ಕೆ’, ‘ಎಸ್’, ‘ಎಚ್’ ಹಾಕಿ ಬರೆದುದಕ್ಕೆ ಮಾತ್ರ ಯಾವ ಯೂನಿಕೋಡೂ ಮದ್ದಲ್ಲ.

ಆದುದರಿಂದ ಕಿಂಡಿಯಲ್ಲಿ ‘ಇಲ್ಲ’ ಎಂದಾಗ, ಹೆಸರಿನ ಮೊದಲ ಮೂರು ನಾಲ್ಕು ಅಕ್ಷರಗಳನ್ನಷ್ಟೇ ಕೊಟ್ಟು ಹುಡುಕುವಂತೆ ಓದುಗರು ವಿನಯದಿಂದ ಕೇಳಬಹುದು. ಸೂಚಿಯೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ಕೊನೆಯ ಚಿಲ್ಲಕ್ಷರದ ತೊಡಕೂ ತಪ್ಪುತ್ತದೆ. ಜಮೀನಿನ ವಿಷಯವಾದರೆ ಸರ್ವೆ ನಂಬ್ರ, ಶಾಲೆಯದಾದರೆ ಜನ್ಮದಿನಾಂಕ ಚೀಟಿಯಲ್ಲಿ ಬರೆದೊಯ್ಯುವುದು ಉತ್ತಮ. ಅಂಕೆಗೆ ಎರಡು ಕಾಗುಣಿತವಿಲ್ಲ.