ಲಾಹೋರಿನ ಗುಡಿ, ಗುರುದ್ವಾರ, ಜಿನಮಂದಿರ

ಲಾಹೋರಿನ ಬಾದಶಾಹಿ ಮಸೀದಿಯ ಚಿತ್ರವನ್ನು ನೋಡದವರು ಕಡಿಮೆ. ಅದರ ಮಗ್ಗುಲಲ್ಲೇ, ಕೋಟೆಗೆ ಎದುರಾಗಿ, ಬಿಳಿ ಗುಮ್ಮಟಗಳ ಇನ್ನೊಂದು ಕಟ್ಟಡವಿದೆ. ಅದು ಮಹಾರಾಜ ರಣಜಿತ್ ಸಿಂಗನ ಸಮಾಧಿ. 1839ರಲ್ಲಿ ಅವನು ತೀರಿಕೊಂಡ ಮೇಲೆ ಮಗ ಖಡಕ್ ಸಿಂಗ್ ಕಟ್ಟಲು ತೊಡಗಿದ. ಕೆಲಸ ಮುಗಿದದ್ದು 1848ರಲ್ಲಿ, ಕಿರಿಯ ಮಗ ದುಲೀಪ್ ಸಿಂಗನ ಕಾಲಕ್ಕೆ. ಮರುವರ್ಷವೇ ಪಂಜಾಬ್ ಬ್ರಿಟಿಷರ ಪಾಲಾಯಿತು. ಸಿಖ್ ದೊರೆಯ ಈ ಸಮಾಧಿಯ ಬಾಗಿಲ ಮೇಲೆ ಗಣೇಶ, ದೇವಿ, ಬ್ರಹ್ಮರನ್ನು ಕೆಂಪುಕಲ್ಲಿನಲ್ಲಿ ಕೆತ್ತಿದ್ದಾರೆ. ಒಳಗೆ ಅವನ ಚಿತಾಭಸ್ಮದ ಮೇಲೊಂದು ಅಮೃತಶಿಲೆಯ ಕಮಲ. ಸುತ್ತ ಇರುವ ಚಿಕ್ಕ ಗುರುತುಗಳು ಅವನ ಚಿತೆಯಲ್ಲಿ ಬೆಂದ ರಾಣಿಯರು ಮತ್ತು ದಾಸಿಯರವು. ದಾಸಿಯರ ಹೆಸರು ಹೇಳುವವರಿಲ್ಲ. ಅಲ್ಲಿಗೆ ಹೋದವರು ಆ ಕಲ್ಲುಗಳ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ಪಕ್ಕದ್ದೇ ಗುರುದ್ವಾರ ಡೇರಾ ಸಾಹಿಬ್. ಆದಿಗ್ರಂಥವನ್ನು ಸಂಕಲಿಸಿದ ಐದನೆಯ ಗುರು ಅರ್ಜನ್ ದೇವ್ ಅವರು 1606ರಲ್ಲಿ, ಜಹಾಂಗೀರನ ಆಳ್ವಿಕೆಯಲ್ಲಿ, ಚಿತ್ರಹಿಂಸೆಗೊಳಗಾಗಿ ಪ್ರಾಣ ಬಿಟ್ಟ ತಾಣವಿದು. ರಾವಿ ನದಿ ಆಗ ಕೋಟೆಯ ಬುಡದಲ್ಲೇ ಹರಿಯುತ್ತಿತ್ತು. ಹಳೆ ಪೇಟೆಯ ಚೂನಾ ಮಂಡಿಯಲ್ಲಿ, 1534ರಲ್ಲಿ, ಅವರ ತಂದೆ ಗುರು ರಾಮದಾಸರು ಹುಟ್ಟಿದ್ದರು. ಅಮೃತಸರವನ್ನು ಸ್ಥಾಪಿಸಿದವರು ಲಾಹೋರಿನ ಮಗ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಕೋಟೆಯೊಳಗೆ ಲವನ ಹೆಸರಿನ ಪುಟ್ಟ ಗುಡಿಯೊಂದಿದೆ. ರಾಮನ ಮಗ ಲವನೇ ಈ ಊರನ್ನು ಕಟ್ಟಿದನೆಂಬುದು ಐತಿಹ್ಯ. ರಾವಿ ರಸ್ತೆಯ ಕೃಷ್ಣ ಮಂದಿರದಲ್ಲಿ ಪೂಜೆ ನಡೆಯುತ್ತದೆ. ಅನಾರ್ಕಲಿ ಬಳಿಯ ವಾಲ್ಮೀಕಿ ಮಂದಿರ ದೀರ್ಘ ವ್ಯಾಜ್ಯದ ನಂತರ 2022ರಲ್ಲಿ ಒತ್ತುವರಿಯಿಂದ ಬಿಡುಗಡೆಯಾಯಿತು. ದೇಶ ಒಡೆದಾಗ ಬಿಟ್ಟುಹೋದವರ ಇಂಥ ಆಸ್ತಿಗಳನ್ನು ಸರ್ಕಾರದ ಒಂದು ಮಂಡಳಿ ನೋಡಿಕೊಳ್ಳುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಜೈನರ ಕಥೆ. ಅಕ್ಬರ್ ಲಾಹೋರಿನಲ್ಲಿದ್ದಾಗ ಶ್ವೇತಾಂಬರ ಆಚಾರ್ಯ ಜಿನಚಂದ್ರಸೂರಿಯವರನ್ನು ಬರಮಾಡಿಕೊಂಡು ‘ಯುಗಪ್ರಧಾನ’ ಎಂಬ ಬಿರುದು ಕೊಟ್ಟಿದ್ದ. ಭಾಬ್ಡಾ ಎನಿಸಿಕೊಂಡ ಪಂಜಾಬಿ ಜೈನ ವರ್ತಕರಿಗೆ ಹಳೆ ಪೇಟೆಯಲ್ಲಿ ತಮ್ಮದೇ ಓಣಿಯಿತ್ತು. 1947ರಲ್ಲಿ ಅವರೆಲ್ಲ ಊರು ಬಿಟ್ಟರು. ಅನಾರ್ಕಲಿ ಹತ್ತಿರದ ಅವರ ಶಿಖರದ ಮಂದಿರ ಒಂಟಿಯಾಗಿ ಉಳಿಯಿತು. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಬಾಬರಿ ಮಸೀದಿ ಉರುಳಿಸಿದ್ದರ ಸೇಡಿಗೆಂದು ಗುಂಪೊಂದು ಅದನ್ನು ಕೆಡವಿತು. ಅಲ್ಲಿನ ಚೌಕಕ್ಕೆ ಬಾಬರಿ ಚೌಕವೆಂದು ಹೊಸ ಹೆಸರನ್ನೂ ಇಟ್ಟರು. ಆದರೆ ಆಟೋದವರು, ಅಂಗಡಿಯವರು ಜೈನ್ ಮಂದಿರ್ ಎನ್ನುವುದನ್ನು ಬಿಡಲಿಲ್ಲ. ಮುಂದೆ ಸುಪ್ರೀಂ ಕೋರ್ಟಿನ ಆದೇಶದಂತೆ ಮಂದಿರ ದುರಸ್ತಿಯಾಗಿ ಶಿಖರ ಮತ್ತೆ ಎದ್ದಿತು.

ಎದ್ದ ಶಿಖರದ ಕೆಳಗೆ ದೀಪ ಹಚ್ಚಲು ಊರಿನಲ್ಲಿ ಜೈನರಿಲ್ಲ. ಗುರುದ್ವಾರಗಳು ನಳನಳಿಸುತ್ತಿರುವುದು ಯಾತ್ರಿಕರಿಂದ. ಭಾರತ–ಪಾಕಿಸ್ತಾನಗಳ 1974ರ ಒಪ್ಪಂದದ ಬಲದಿಂದ ಸಿಖ್ ಜಾಥಾಗಳು ಗಡಿ ದಾಟುತ್ತಾ ಬಂದಿವೆ. ಸಂಬಂಧ ಕೆಟ್ಟಾಗಲೆಲ್ಲ ಆ ದಾರಿಗೂ ಬೀಗ ಬೀಳುತ್ತದೆ. ಹಾಗೆ ಬೀಳಕೂಡದು. ಜೈನ ಯಾತ್ರಿಕರಿಗೂ ಅದೇ ದಾರಿಯನ್ನು ಎರಡೂ ಸರ್ಕಾರಗಳು ತೆರೆಯಬೇಕು.