ಹದಿನಾಲ್ಕು ಅಡಿಯ ರಾಣಿ

ಮೇಜಿನ ಮೇಲೆ ಓಡುವ ಆಟದ ರೈಲು ಹಳಿ ತಪ್ಪಿ ಉರುಳಿದರೆ ಯಾರಿಗೂ ಭಯವಾಗುವುದಿಲ್ಲ. ಅದರ ಆಕಾರ ನಿಜವಾದ ರೈಲಿನದೇ, ಬಣ್ಣವೂ ಅದೇ. ಆದರೂ ಅದು ಬೀಳುವ ರೀತಿಯನ್ನು ಕಂಡ ಕಣ್ಣು, ಇದು ಆಟಿಕೆಯೆಂದು ಕ್ಷಣಮಾತ್ರದಲ್ಲಿ ತೀರ್ಮಾನಿಸಿಬಿಡುತ್ತದೆ. ತೂಕದ ವಿಷಯದಲ್ಲಿ ಕಣ್ಣನ್ನು ವಂಚಿಸುವುದು ಸುಲಭವಲ್ಲ. ಭಯಾನಕ ಚಲಚ್ಚಿತ್ರಗಳನ್ನು ತಯಾರಿಸುವವರಿಗೆ ಇದೇ ದೊಡ್ಡ ತೊಡಕು. ಇಲ್ಲದ ಪ್ರಾಣಿಗೆ ರೂಪವನ್ನು ಕೊಡಬಹುದು. ತೂಕವನ್ನು ಕೊಡುವುದು ಹೇಗೆ?

1986ರಲ್ಲಿ ತೆರೆಕಂಡ ‘ಏಲಿಯನ್ಸ್’ ಚಿತ್ರದ ತಯಾರಿಕೆಯಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವನ್ನು ನೋಡೋಣ. ರಿಡ್ಲಿ ಸ್ಕಾಟ್ ನಿರ್ದೇಶಿಸಿದ 1979ರ ‘ಏಲಿಯನ್’ ಚಿತ್ರದ ಮುಂದಿನ ಕಥೆ ಇದು. ಮೊದಲನೆಯದರಲ್ಲಿ ಅನ್ಯಲೋಕದ ಪ್ರಾಣಿ ಒಂದೇ ಒಂದು. ಬಹು ಎತ್ತರದ ಒಬ್ಬ ಮನುಷ್ಯನಿಗೆ ವೇಷ ತೊಡಿಸಿ ಅದನ್ನು ತೋರಿಸಿದ್ದರು. ಎರಡನೆಯದರ ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಅವರಿಗೆ ಹಿಂಡು ಬೇಕಾಯಿತು. ಜೊತೆಗೆ ಆ ಹಿಂಡಿನ ತಾಯಿಯಾದ ರಾಣಿಯೂ ಬೇಕಾಯಿತು. ಲಂಡನ್ನಿನ ಸಮೀಪದ ಪೈನ್‌ವುಡ್ ಸ್ಟುಡಿಯೋದಲ್ಲಿ ಕೆಲಸ ನಡೆಯಿತು. ಖರ್ಚು ಸುಮಾರು 1 ಕೋಟಿ 80 ಲಕ್ಷ ಡಾಲರು; ಇಷ್ಟು ದೊಡ್ಡ ಹಂಬಲಕ್ಕೆ ಇದು ಹೆಚ್ಚಿನ ಮೊತ್ತವೇನಲ್ಲ. ಗಣಕಯಂತ್ರದಿಂದ ಜೀವಂತವೆನಿಸುವ ಪ್ರಾಣಿಯನ್ನು ಬರೆಯುವ ವಿದ್ಯೆ ಆಗಿನ್ನೂ ಕೈಗೂಡಿರಲಿಲ್ಲ.

ರಾಣಿಯ ಎತ್ತರ ಸುಮಾರು 14 ಅಡಿ. ನಾಲ್ಕು ತೋಳು, ಉದ್ದನೆಯ ತಲೆ, ಬಾಲ. ಯಾವ ಮನುಷ್ಯನೂ ತೊಡಲಾಗದ ವೇಷ ಇದು. ಬೊಂಬೆಗಳ ನಿರ್ಮಾಣದಲ್ಲಿ ಹೆಸರಾಗಿದ್ದ ಸ್ಟಾನ್ ವಿನ್‌ಸ್ಟನ್ ಮತ್ತು ಅವರ ಸಂಗಡಿಗರು ಮೊದಲು ಒಂದು ಒರಟು ಚೌಕಟ್ಟನ್ನು ಕಟ್ಟಿ, ಅದಕ್ಕೆ ಕಪ್ಪು ಕಸದ ಚೀಲಗಳನ್ನು ಹೊದಿಸಿ, ಕ್ರೇನಿನಿಂದ ತೂಗುಹಾಕಿ ಆಡಿಸಿ ನೋಡಿದರು. ಕಸದ ಚೀಲವೆಂದು ವಾಚಕರು ನಗಬಾರದು. ಆ ಚೀಲಗಳ ರಾಶಿ ಪ್ರಾಣಿಯಂತೆ ಚಲಿಸದೆ ಹೋಗಿದ್ದರೆ, ಮೇಲೆ ಎಷ್ಟು ನಯವಾದ ಚರ್ಮವನ್ನು ಹೊದಿಸಿದರೂ ಫಲವಿರಲಿಲ್ಲ. ಅದು ಚಲಿಸಿತು. ಕೊನೆಗೆ ಸಿದ್ಧವಾದ ರಾಣಿಯ ಮುಂಡದೊಳಗೆ ಇಬ್ಬರು ಮನುಷ್ಯರು ಅಡಗಿ ನಾಲ್ಕು ತೋಳುಗಳನ್ನು ಆಡಿಸುತ್ತಿದ್ದರು. ತಲೆ ಮತ್ತು ಕತ್ತಿನ ಚಲನೆಗೆ ದ್ರವದ ಒತ್ತಡದಿಂದ ನಡೆಯುವ ಯಂತ್ರಗಳೂ ತಂತಿಗಳೂ ಇದ್ದವು. ಇಡೀ ದೇಹದ ಭಾರವನ್ನು ಹೊತ್ತದ್ದು ಕ್ರೇನು. ಹೊರಗೆ ನಿಂತು ಸಲಾಕೆ ಹಿಡಿದವರೂ ಹಲವರು. ನಮ್ಮ ಸೂತ್ರದ ಬೊಂಬೆಯಾಟವೇ ಇದು; ಸೂತ್ರಧಾರರು ಮಾತ್ರ ಬಹಳ ಮಂದಿ.

ಆದರೆ ಇಂತಹ ಬೊಂಬೆ ಓಡಲಾರದು. ಓಡುವ, ಉರುಳುವ ದೃಶ್ಯಗಳಿಗೆ ಪುಟ್ಟ ಮಾದರಿಗಳನ್ನೇ ಆಶ್ರಯಿಸಬೇಕು. ಆಗ ಆಟದ ರೈಲಿನ ತೊಂದರೆ ಮತ್ತೆ ತಲೆಯೆತ್ತುತ್ತದೆ. ಇದಕ್ಕೆ ಕಾರಣ ಗುರುತ್ವ. 20 ಮೀಟರು ಎತ್ತರದಿಂದ ಬಿಟ್ಟ ವಸ್ತು ನೆಲವನ್ನು ಮುಟ್ಟಲು ಸುಮಾರು 2 ಸೆಕೆಂಡು ಹಿಡಿಯುತ್ತದೆ. ಅದೇ ದೃಶ್ಯವನ್ನು ಹದಿನಾರನೆಯ ಒಂದು ಪಾಲಿಗೆ ಕುಗ್ಗಿಸಿದರೆ ಎತ್ತರ 1.25 ಮೀಟರು, ಬೀಳುವ ಕಾಲ ಅರ್ಧ ಸೆಕೆಂಡು. ಎತ್ತರ ಹದಿನಾರು ಪಟ್ಟು ಕುಗ್ಗಿತು, ಕಾಲ ಮಾತ್ರ ನಾಲ್ಕೇ ಪಟ್ಟು. ಎಂದರೆ, ಕಾಲವು ಅಳತೆಯ ವರ್ಗಮೂಲದಂತೆ ಕುಗ್ಗುತ್ತದೆ. ಕಣ್ಣಿಗೆ ಈ ಲೆಕ್ಕ ತಿಳಿಯದಿದ್ದರೂ, ಅನುಭವದಿಂದ ಅದು ಇದನ್ನು ಬಲ್ಲದು. ಅರ್ಧ ಸೆಕೆಂಡಿನಲ್ಲಿ ಬಿದ್ದುಬಿಟ್ಟ ಗೋಪುರವನ್ನು ಅದು ನಂಬದು. ಆದುದರಿಂದ ಸೆಕೆಂಡಿಗೆ 24 ಚಿತ್ರಗಳನ್ನು ತೆಗೆಯುವ ಬದಲು 96 ಚಿತ್ರಗಳನ್ನು ತೆಗೆದು, ತೆರೆಯ ಮೇಲೆ 24ರ ವೇಗದಲ್ಲಿ ತೋರಿಸಬೇಕು. ಆಗ ಅರ್ಧ ಸೆಕೆಂಡಿನ ಪತನ 2 ಸೆಕೆಂಡಿಗೆ ಹಿಗ್ಗಿ, ಕಳೆದುಹೋದ ತೂಕ ಮರಳಿ ಬರುತ್ತದೆ. ಆದರೆ ಎಲ್ಲವೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ನೀರಿನ ಹನಿ, ಬೆಂಕಿಯ ನಾಲಗೆ, ಹೊಗೆಯ ಸುರುಳಿ ಇವನ್ನು ಮನಬಂದಂತೆ ಕುಗ್ಗಿಸಲಾಗದು. ಮಾದರಿ ತೀರ ಚಿಕ್ಕದಾದರೆ ಇವೇ ಗುಟ್ಟನ್ನು ಬಯಲು ಮಾಡುತ್ತವೆ.

ವಿಮಾನದಂತಹ ನೌಕೆಯೊಂದು ನೆಲಕ್ಕಪ್ಪಳಿಸುವ ದೃಶ್ಯಕ್ಕೆ ಮಾದರಿಯ ಪತನವನ್ನು ಮೊದಲೇ ಚಿತ್ರಿಸಿಕೊಂಡರು. ಅದನ್ನು ದೊಡ್ಡ ತೆರೆಯೊಂದರ ಮೇಲೆ ಹಿಂದಿನಿಂದ ಮೂಡಿಸಿ, ಅದರ ಮುಂದೆ ನಟರನ್ನು ಓಡಿಸಿ, ಎರಡನ್ನೂ ಒಂದೇ ಸಲ ಫಿಲ್ಮಿಗೆ ಇಳಿಸಿದರು. ಹಳೆಯ ಕಾಲದ ಉಪಾಯವಿದು. ನಮಗಂತೂ ಇದರ ಸರಳತೆ ಮೆಚ್ಚುಗೆಯಾಗುತ್ತದೆ.

ಕೊನೆಯ ಕಾಳಗದಲ್ಲಿ ನಾಯಕಿ ರಿಪ್ಲಿ, ಸರಕು ಎತ್ತುವ ಯಂತ್ರವೊಂದನ್ನು ಕವಚದಂತೆ ತೊಟ್ಟು ರಾಣಿಯನ್ನು ಎದುರಿಸುತ್ತಾಳೆ. ಉಕ್ಕಿನದೆಂದು ತೋರುವ ಆ ಯಂತ್ರಕ್ಕೆ ಸ್ವಂತ ಬಲವೇ ಇರಲಿಲ್ಲ! ನಟಿ ಸಿಗೋರ್ನಿ ವೀವರ್ ಅವರ ಬೆನ್ನ ಹಿಂದೆ ಕಟ್ಟುಮಸ್ತಾದ ವ್ಯಕ್ತಿಯೊಬ್ಬರು ಅಡಗಿದ್ದು, ಅದರ ಕೈಕಾಲುಗಳನ್ನು ತಾವೇ ಎತ್ತಿ ಇಡುತ್ತಿದ್ದರು. ಒಂದೊಂದು ಹೆಜ್ಜೆಯಲ್ಲಿಯೂ ಕಾಣುವ ಪ್ರಯಾಸ ನಟನೆಯದಲ್ಲ.

ಹಿಂಡಿನ ಕಥೆ ಬೇರೆ. ನೂರಾರು ಪ್ರಾಣಿಗಳೆಂದು ನಾವು ಭ್ರಮಿಸುವುದು ಬೆರಳೆಣಿಕೆಯ ವೇಷಗಳನ್ನು. ಮೈಗಂಟುವ ಕಪ್ಪು ಉಡುಪಿನ ಮೇಲೆ ಅಲ್ಲಲ್ಲಿ ಚಿಪ್ಪುಗಳನ್ನು ಹೊಂದಿಸಿದ್ದುದರಿಂದ ವೇಷ ಹಗುರವಾಗಿತ್ತು. ತೊಟ್ಟವರು ತಂತಿಯಲ್ಲಿ ತೂಗಾಡಬಹುದಿತ್ತು, ಗೋಡೆಯಿಂದ ಜಿಗಿಯಬಹುದಿತ್ತು. ಮಿಕ್ಕುದನ್ನು ಕತ್ತಲೆಯೂ ಹೊಗೆಯೂ ಪೂರೈಸಿದವು. ನೌಕೆಯ ಯಾತ್ರಿಕರು ಮಲಗುವ ಪೆಟ್ಟಿಗೆಗಳ ಸಾಲಿನಲ್ಲಿ ಅರ್ಧವನ್ನಷ್ಟೆ ಮಾಡಿಸಿದ್ದರು. ಉಳಿದರ್ಧ ಕನ್ನಡಿಯ ಪ್ರತಿಬಿಂಬ.

ಈ ಚಿತ್ರಕ್ಕೆ ದೃಶ್ಯ ಚಮತ್ಕಾರಕ್ಕಾಗಿಯೂ ಧ್ವನಿ ಪರಿಣಾಮಗಳ ಸಂಕಲನಕ್ಕಾಗಿಯೂ ಆಸ್ಕರ್ ಪ್ರಶಸ್ತಿಗಳು ಬಂದವು.

ಪ್ರಾಣಿಗಳ ಗೂಡನ್ನು ಮಾತ್ರ ಸ್ಟುಡಿಯೋದಲ್ಲಿ ಕಟ್ಟಲಿಲ್ಲ. ಲಂಡನ್ನಿನ ಪಶ್ಚಿಮ ಭಾಗದ ಆಕ್ಟನ್ ಎಂಬಲ್ಲಿ ಕೆಲಸ ನಿಲ್ಲಿಸಿದ್ದ ವಿದ್ಯುದಾಗಾರವೊಂದಿತ್ತು. ಅಲ್ಲಿ ಶಾಖ ತಡೆಯಲು ಬಳಸಿದ್ದ ಕಲ್ನಾರು ತುಂಬಿತ್ತು. ಅದರ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ಬಳಿಕ ಮಾರಕ ರೋಗಗಳನ್ನು ತರಬಲ್ಲವು. ತೆರೆಯ ಮೇಲಿನ ರಾಣಿಗಿಂತ ಈ ಕಾಣದ ಎಳೆಗಳೇ ನಿಜವಾದ ಅಪಾಯ. ಮೊದಲು ಅದನ್ನು ತೆಗೆಸಿ ಗಾಳಿಯನ್ನು ಪರೀಕ್ಷಿಸಿದ ಮೇಲೆಯೇ ಚಿತ್ರೀಕರಣ ಸಾಗಿತು. ಆ ಬಳಿಕ ಗೂಡನ್ನು ಅಲ್ಲಿಯೇ ಬಿಟ್ಟು ಹೊರಟರು. 1989ರಲ್ಲಿ ಬಿಡುಗಡೆಯಾದ ‘ಬ್ಯಾಟ್‌ಮನ್’ ಚಿತ್ರದ ತಂಡದವರು ತಮ್ಮ ಕೆಲಸಕ್ಕಾಗಿ ಆ ಕಟ್ಟಡವನ್ನು ಹೊಕ್ಕಾಗ, ಅದರ ಬಹುಭಾಗ ಇನ್ನೂ ಗೋಡೆಗಳಿಗೆ ಅಂಟಿಕೊಂಡೇ ಇತ್ತಂತೆ.