ಮೂರು ಸಾವಿರ ಮಣ್ಣುಂಡೆಗಳ ಸಾಕ್ಷಿ

ಟರ್ಕಿಯ ಬೊಗಾಜ್‌ಕಾಲೆ ಊರಿನ ಮಗ್ಗುಲಲ್ಲೇ ಹತ್ತುಶಾ ಎಂಬ ಹಾಳುಪಟ್ಟಣವಿದೆ. ಹಿಟ್ಟೈಟ್ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಜಾಗ. ಆರು ಕಿಲೋಮೀಟರಿಗೂ ಉದ್ದದ ಕೋಟೆಗೋಡೆ, ನಾನೂರು ಎಕರೆಗೂ ಮಿಕ್ಕ ವಿಸ್ತಾರ. ಒಳಗೆ ನಿಶಾನ್‌ತೆಪೆ ಎಂಬ ಬಂಡೆಗುಡ್ಡ. ಅದರ ಮೈಮೇಲೆ ಎರಡನೆಯ ಶುಪ್ಪಿಲುಲಿಯುಮ ಎಂಬ ದೊರೆ ಎಂಟೂವರೆ ಮೀಟರ್ ಅಗಲಕ್ಕೆ 11 ಸಾಲುಗಳ ಶಾಸನ ಕೊರೆಸಿದ. ಯುಗಯುಗಕ್ಕೂ ಉಳಿಯಲಿ ಎಂದೇ ಕೊರೆಸಿರಬೇಕು. ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲದ ಹಿಮ, ಮಳೆ, ಬಿಸಿಲು ತಿಂದ ಮೇಲೆ ಅಲ್ಲಿ ಓದಲು ಬರುವುದು ಅಷ್ಟಿಷ್ಟೇ.

ಅದೇ ಬಂಡೆಯ ಪಕ್ಕದ ಕಟ್ಟಡದಲ್ಲಿ 1990 ಮತ್ತು 1991ರಲ್ಲಿ ಪೀಟರ್ ನೇವೆ ನೇತೃತ್ವದ ಜರ್ಮನ್ ತಂಡ ಅಗೆಯಿತು. ಸಿಕ್ಕಿದ್ದು ಜೇಡಿಮಣ್ಣಿನ ಪುಟ್ಟ ಉಂಡೆಗಳು, 3,000ಕ್ಕೂ ಹೆಚ್ಚು. ಪ್ರತಿಯೊಂದರ ಮೇಲೂ ಮುದ್ರೆ ಒತ್ತಿದ ಗುರುತು. ಅವುಗಳಲ್ಲಿ ಸುಮಾರು ಮೂರನೇ ಎರಡು ಪಾಲು ರಾಜರಾಣಿಯರ ಮುದ್ರೆ. ಉಳಿದವು ರಾಜಕುಮಾರರು, ಅಧಿಕಾರಿಗಳದ್ದು. ದಾರ ಕಟ್ಟಿ, ಗಂಟಿನ ಮೇಲೆ ಹಸಿಮಣ್ಣು ಮೆತ್ತಿ, ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ದಾರ ಹೋಯಿತು, ದಾರ ಕಟ್ಟಿದ್ದ ವಸ್ತುವೂ ಹೋಯಿತು. ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ ಮಣ್ಣು ಮಾತ್ರ ಇಟ್ಟಿಗೆಯಂತೆ ಸುಟ್ಟು ಗಟ್ಟಿಯಾಯಿತು. ರಾಜಧಾನಿಯನ್ನು ಹಾಳುಗೆಡವಿದ್ದೇ ಅದರ ದಫ್ತರವನ್ನು ಕಾಪಾಡಿತು.

ಈ ಗುರುತುಗಳ ಅಳತೆ ಕೆಲವೇ ಸೆಂಟಿಮೀಟರ್. ಅಷ್ಟರಲ್ಲೇ ಮೇಲೆ ರೆಕ್ಕೆ ಬಿಚ್ಚಿದ ಸೂರ್ಯ, ನಡುವೆ ಚಿತ್ರಲಿಪಿಯಲ್ಲಿ ದೊರೆಯ ಹೆಸರು, ಸುತ್ತಲಿನ ಬಳೆಗಳಲ್ಲಿ ಕ್ಯೂನಿಫಾರ್ಮ್ ಲಿಪಿಯಲ್ಲಿ ಬಿರುದು, ಎಷ್ಟೋ ಸಲ ತಂದೆ, ತಾತಂದಿರ ಹೆಸರೂ. ಎರಡು ಲಿಪಿ, ಮೂರು ತಲೆಮಾರು! ಒತ್ತಿದಾಗ ನೇರವಾಗಿ ಕಾಣಬೇಕೆಂದರೆ ಮುದ್ರೆಯಲ್ಲಿ ಎಲ್ಲವನ್ನೂ ತಿರುವುಮುರುವಾಗಿ ಕೊರೆಯಬೇಕು. ಭೂತಗನ್ನಡಿ ಕಂಡಿರದ ಕಾಲದ ಕುಶಲಿಗ ಅದನ್ನು ಹೇಗೆ ಕೊರೆದನೋ! ಇಷ್ಟೊಂದು ಗುರುತು ಉಳಿದರೂ ದೊರೆಗಳ ಮೂಲ ಮುದ್ರೆಗಳು ಸಿಕ್ಕಿರುವುದು ತೀರಾ ಅಪರೂಪ.

ಈ ರಾಶಿಯಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಉರ್ಹಿ-ತೆಶುಬ್ ಎಂಬ ನತದೃಷ್ಟನ ಪಾಲು. ಕ್ರಿಸ್ತಪೂರ್ವ 13ನೇ ಶತಮಾನದಲ್ಲಿ ಸುಮಾರು ಏಳು ವರ್ಷ ಆಳಿದವನು. ಚಿಕ್ಕಪ್ಪ ಮೂರನೆಯ ಹತ್ತುಶಿಲಿ ದಂಗೆಯೆದ್ದು ಅವನನ್ನು ಇಳಿಸಿ, ಸಿರಿಯಾದ ಕಡೆಗೆ ಗಡಿಪಾರು ಮಾಡಿದ. ಆಮೇಲೆ ತನ್ನ ಸಮರ್ಥನೆಗೆಂದು ಉದ್ದನೆಯ ಕಥನವನ್ನೇ ಬರೆಸಿದ: ಏಳು ವರ್ಷ ಸಹಿಸಿಕೊಂಡೆ, ಕೊನೆಗೆ ಆಗಲಿಲ್ಲ, ದೇವಿಯೇ ನನ್ನ ಕಡೆಗಿದ್ದಳು ಎಂಬ ಧಾಟಿ. ಗೆದ್ದವರ ಬರಹ ಎಲ್ಲ ಕಾಲದಲ್ಲೂ ಒಂದೇ ಥರ ಇರುತ್ತದೆ. ಆ ಕಥನದಲ್ಲಿ ಅಣ್ಣನ ಮಗ ಬರೀ ಉರ್ಹಿ-ತೆಶುಬ್. ಮಣ್ಣುಂಡೆಗಳಲ್ಲಿ ಮಾತ್ರ ಅವನು ಮಹಾರಾಜ ಮುರ್ಷಿಲಿ. ಅದೂ ಒಂದೆರಡರಲ್ಲಲ್ಲ, ನೂರಾರು ಉಂಡೆಗಳಲ್ಲಿ. ಕೇವಲ ಏಳು ವರ್ಷದ ದೊರೆಗೆ ಇಷ್ಟು ಮುದ್ರೆ! ಅಷ್ಟು ಕಾಲ ರಾಜ್ಯದ ಕಡತಗಳು ಅವನ ಹೆಸರಿನಲ್ಲೇ ಓಡಾಡಿದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಚಿಕ್ಕಪ್ಪನ ಮುದ್ರೆಗಳೂ ಅದೇ ಕಟ್ಟಡದಲ್ಲಿ ಬಿದ್ದಿದ್ದವು. ಕೆಲವುಗಳಲ್ಲಿ ಅವನ ಹೆಸರಿನ ಜೊತೆ ರಾಣಿ ಪುದುಹೆಪಾಳ ಹೆಸರೂ ಇದೆ. ಕ್ರಿಸ್ತಪೂರ್ವ 1259ರ ಸುಮಾರಿಗೆ ಈಜಿಪ್ಟಿನ ಎರಡನೆಯ ರಾಮ್‌ಸೆಸ್ ಜೊತೆ ಮಾಡಿಕೊಂಡ ಶಾಂತಿ ಒಪ್ಪಂದದ ಬೆಳ್ಳಿ ಹಲಗೆಗೂ ಇವರಿಬ್ಬರ ಮುದ್ರೆ ಬಿದ್ದಿತ್ತು, ಒಂದು ಬದಿಗೆ ದೊರೆಯದು, ಇನ್ನೊಂದು ಬದಿಗೆ ರಾಣಿಯದು. ಆ ಮುದ್ರೆಗಳ ವರ್ಣನೆ ಕಾರ್ನಾಕ್ ದೇವಾಲಯದ ಗೋಡೆಯ ಮೇಲಿದೆ. ಬೆಳ್ಳಿ ಹಲಗೆ ಈವರೆಗೂ ಸಿಕ್ಕಿಲ್ಲ.